ತಾವರೆಕೆರೆಯ ಚಳಿಯಲ್ಲಿ ಹಿಮಾಲಯದ ಜಾಕೆಟ್ಟಿನ ಪರೀಕ್ಷೆ

ಮಾರ್ಗಶಿರ, ಪುಷ್ಯಮಾಸಗಳಲ್ಲಿ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯವರು ಅನುಭವಿಸುವ ಚಳಿ ನಮಗೆ ಎಷ್ಟೇ ಕಟುವೆಂದು ತೋರಿದರೂ ಹಿಮಾಲಯದ ಲೆಕ್ಕದಲ್ಲಿ ಅದು ಚಳಿಯೆಂಬ ಹೆಸರಿಗೇ ಅರ್ಹವಾದುದಲ್ಲ. ಶಿರಾ ಬಳಿಯ ತಾವರೆಕೆರೆಯಲ್ಲಿ ಬೆಳಗಿನ ಜಾವದ ಉಷ್ಣತೆ 14–15 ಡಿಗ್ರಿಗೆ ಇಳಿಯಿತೆಂದರೆ ಹೆದ್ದಾರಿಯ ಬದಿಯ ಟೀ ಅಂಗಡಿಗಳ ಮುಂದೆ ಜನ ಕಿವಿಗೆ ಮಫ್ಲರು ಸುತ್ತಿ ನಿಲ್ಲುವರು. ಸಮುದ್ರಮಟ್ಟದಿಂದ 2,650 ಮೀಟರ್ ಎತ್ತರದಲ್ಲಿರುವ ಕಾಶ್ಮೀರದ ಗುಲ್ಮಾರ್ಗದಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿರುವುದು ಸಾಮಾನ್ಯ ಸಂಗತಿ. ಕೊಡಗಿನ ತೆಕ್ಕಡ ಭವಾನಿಯವರು ಹಿಮದ ಮೇಲಿನ ಕ್ರಾಸ್ ಕಂಟ್ರಿ ಸ್ಕೀಯಿಂಗಿನಲ್ಲಿ ಭಾರತವನ್ನು ಪ್ರತಿನಿಧಿಸಿರುವ ಈ ಕಾಲದಲ್ಲಿ ನಮ್ಮ ಕಡೆಯ ತರುಣರಿಗೂ ಹಿಮಾಲಯದ ಸ್ಕೀ ತಾಣಗಳಾದ ಗುಲ್ಮಾರ್ಗ, ಔಲಿಗಳ ಆಸೆ ಹುಟ್ಟುವುದು ಸಹಜ; ಕೇದಾರಯಾತ್ರೆಗೆ ಹೊರಡುವ ಹಿರಿಯರಂತೂ ಮೊದಲಿನಿಂದಲೂ ಉಂಟು. ಇವರೆಲ್ಲರೂ ಬೆಂಗಳೂರಿನ ಅಂಗಡಿಯಲ್ಲಿ ಒಂದು ದಪ್ಪ ಜಾಕೆಟ್ಟನ್ನು ಕೊಂಡು, ಅದರ ಚೀಟಿಯ ಮೇಲೆ ಮುದ್ರಿತವಾದ ‘ಮೈನಸ್ 20’ ಎಂಬ ಅಂಕಿಯನ್ನು ವೇದವಾಕ್ಯವೆಂದು ನಂಬಿ ರೈಲು ಹತ್ತುತ್ತಾರೆ. ತೊಟ್ಟವನು ಒಳಗೆ ಏನು ಧರಿಸಿದ್ದಾನೆ, ನಡೆಯುತ್ತಿದ್ದಾನೆಯೋ ಕುಳಿತಿದ್ದಾನೆಯೋ, ಗಾಳಿಯ ವೇಗವೆಷ್ಟು ಎಂಬುದೊಂದನ್ನೂ ಆ ಅಂಕಿ ಹೇಳುವುದಿಲ್ಲ. ಆದ್ದರಿಂದ ಪರೀಕ್ಷೆ ಊರಿನಲ್ಲಿಯೇ ಆಗತಕ್ಕದ್ದು.

ಹದಿನೈದು ಡಿಗ್ರಿಯಲ್ಲಿ ಯಾವ ಜಾಕೆಟ್ಟೂ ಸೋಲಲಾರದು. ಆದಕಾರಣ ಇಲ್ಲಿ ‘ಬೆಚ್ಚಗಿದೆಯೇ?’ ಎಂದು ಕೇಳುವುದು ನಿರರ್ಥಕ. ಕೇಳಬೇಕಾದ ಪ್ರಶ್ನೆ, ಶಾಖ ಎಲ್ಲಿಂದ ಸೋರುತ್ತಿದೆ ಎಂಬುದು. ಉಡುಪು ಶಾಖವನ್ನು ಉತ್ಪಾದಿಸುವುದಿಲ್ಲ. ದೇಹ ಉತ್ಪಾದಿಸಿದ ಶಾಖವನ್ನು ನಿಶ್ಚಲವಾದ ಗಾಳಿಯಲ್ಲಿ ಹಿಡಿದಿಡುತ್ತದೆ, ಅಷ್ಟೆ. ಶಿರಾ ಬಳಿಯ ಕಗ್ಗಲಡುವಿನ ಹುಣಸೆಮರಗಳ ಮೇಲೆ ಕೊಕ್ಕರೆಗಳು ಚಳಿಯ ಬೆಳಗಿನಲ್ಲಿ ಗರಿಗೆದರಿ ಕುಳಿತುಕೊಳ್ಳುವುದೂ ಇದೇ ಉಪಾಯದಿಂದ.

ಮೊದಲನೆಯ ಪರೀಕ್ಷೆಯನ್ನು ಚೀಟಿಯನ್ನು ಕತ್ತರಿಸದೆ, ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳುವ ಅವಧಿಯೊಳಗೆ, ಮನೆಯಲ್ಲಿಯೇ ಮಾಡಿ ಮುಗಿಸಬೇಕು. ಜಾಕೆಟ್ಟನ್ನು ಚೀಲದಿಂದ ತೆಗೆದು ಒಂದು ರಾತ್ರಿ ಹರವಿಟ್ಟು, ಬೆಳಿಗ್ಗೆ ಅದರ ಒಂದು ಭಾಗವನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ; ಕೂಡಲೇ ಉಬ್ಬಿ ಮೊದಲಿನ ಸ್ಥಿತಿಗೆ ಬಂದರೆ ಒಳಗಿನ ಪುಕ್ಕ ಉತ್ತಮವಾದುದು. ಪುಕ್ಕದ ಜಾಕೆಟ್ಟಿನ ಮೇಲೆ ಕಾಣುವ 600, 700 ಎಂಬ ಅಂಕಿ ಒಂದು ಔನ್ಸು ಪುಕ್ಕ ಎಷ್ಟು ಘನ ಅಂಗುಲ ಸ್ಥಳವನ್ನು ತುಂಬುತ್ತದೆಂಬುದರ ಅಳತೆ. ಒಟ್ಟು ಎಷ್ಟು ಗ್ರಾಂ ಪುಕ್ಕವಿದೆಯೆಂದು ತಿಳಿಯದೆ ಆ ಅಂಕಿಯೊಂದರಿಂದಲೇ ಪ್ರಯೋಜನವಿಲ್ಲ. ಅನಂತರ ಅದನ್ನು ದೀಪಕ್ಕೆ ಎದುರಾಗಿ ಹಿಡಿದು, ಹೊಲಿಗೆಗಳ ಗುಂಟ ಪುಕ್ಕವಿಲ್ಲದೆ ಬೆಳಕು ತೂರುವ ಗೆರೆಗಳನ್ನು ಗುರುತಿಸಿಕೊಳ್ಳಿ. ಚಳಿ ಪ್ರವೇಶಿಸುವುದು ಆ ಗೆರೆಗಳಿಂದಲೇ. 1922ರ ಎವರೆಸ್ಟ್ ಯಾತ್ರೆಗೆ ಜಾರ್ಜ್ ಫಿಂಚ್ ಎಂಬಾತ ಬೆಲೂನಿನ ಬಟ್ಟೆಯೊಳಗೆ ಬಾತುಕೋಳಿಯ ಪುಕ್ಕ ತುಂಬಿಸಿ ಹೊಲಿಸಿದ ಅಂಗಿಯನ್ನು ತೊಟ್ಟು ಬಂದಾಗ ಸಂಗಡಿಗರು ನಕ್ಕರಂತೆ. ಮೇಲಿನ ಶಿಬಿರಗಳ ಚಳಿಯಲ್ಲಿ ಅವರಿಗೆ ಅದರ ಬೆಲೆ ತಿಳಿಯಿತು.

ಒಳಗೆ ಸ್ವೆಟರ್ ಹಾಕಿಕೊಂಡು ಎರಡೂ ತೋಳುಗಳನ್ನು ಮೇಲೆತ್ತಿ ನೋಡಿ. ಸೊಂಟ ಬಯಲಾದರೆ ಆ ಜಾಕೆಟ್ ನಿಮ್ಮದಲ್ಲ. ದಪ್ಪ ಕೈಗವಸು ತೊಟ್ಟು, ಕತ್ತಲಲ್ಲಿ ಜಿಪ್ಪನ್ನು ಎಳೆಯಲು ಬರುತ್ತದೆಯೇ ಎಂಬುದನ್ನೂ ನೋಡಬೇಕು. ಹಿಮದ ಮೇಲೆ ಕೈಗವಸು ಕಳಚಿ ಜಿಪ್ಪಿನೊಡನೆ ಸೆಣಸಾಡಲು ಬೆರಳುಗಳು ಒಪ್ಪುವುದಿಲ್ಲ.

ಎರಡನೆಯದು ಕೆರೆಯ ಏರಿಯ ಮೇಲಿನ ಪರೀಕ್ಷೆ. ಸೂರ್ಯೋದಯಕ್ಕೆ ಮುಂಚೆ, ಒಳಗೆ ತೆಳುವಾದ ಬನಿಯನ್ ಒಂದನ್ನು ಮಾತ್ರ ಧರಿಸಿ, ಅಡ್ಡಾಡದೆ, ಬಿಸಿಯಾದುದೇನನ್ನೂ ಕುಡಿಯದೆ ಅರ್ಧ ಗಂಟೆ ಕುಳಿತಿರಬೇಕು. ಚಳಿ ಮೊದಲು ಕತ್ತಿನಲ್ಲಿ ತೋರಿತೋ, ಮಣಿಕಟ್ಟಿನಲ್ಲೋ, ಸೊಂಟದಲ್ಲೋ ಎಂಬ ಕ್ರಮವನ್ನು ಗುರುತು ಹಾಕಿಕೊಳ್ಳಿ. ಇಲ್ಲಿ ಶಾಖ ಸಣ್ಣಗೆ ಸೋರುವ ಕಡೆ ಹಿಮಾಲಯದಲ್ಲಿ ಧಾರೆಯಾಗಿ ಸೋರುವುದು. ಗಾಳಿಗಾಗಿ ಬೈಕನ್ನು ಆಶ್ರಯಿಸಬಹುದು: ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ರಸ್ತೆಯಲ್ಲಿ, ಹೆಲ್ಮೆಟ್ ಧರಿಸಿ, ಗಂಟೆಗೆ 30 ಕಿಲೋಮೀಟರಿನಂತೆ ಸ್ವಲ್ಪ ದೂರ ಹೋಗಿಬಂದರೆ ಸಾಕು. ಓಡಿಸುವವನೇ ಜಾಕೆಟ್ ತೊಟ್ಟಿರಬೇಕು. ಹಿಂದೆ ಕುಳಿತವನಿಗೆ ಗಾಳಿಯ ನಿಜ ತಿಳಿಯದು. ಮೈನಸ್ 10 ಡಿಗ್ರಿಯಲ್ಲಿ ಇದೇ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರಂತೆ ತಟ್ಟುತ್ತದೆಂಬುದು ಹವಾಮಾನ ಶಾಸ್ತ್ರಜ್ಞರ ಗಣನೆ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಜನ ಬಿಟ್ಟುಬಿಡುವುದೂ ಇದನ್ನೇ. ಸ್ಕೀ ಆಡುವವನನ್ನು ಹೆಚ್ಚಾಗಿ ಕೆಡಿಸುವುದು ಹೊರಗಿನ ಹಿಮವಲ್ಲ, ಒಳಗಿನ ಬೆವರು. ಇಳಿಜಾರಿನಲ್ಲಿ ಶ್ರಮಪಟ್ಟು ತೊಯ್ದ ಮೈ ಅನಂತರ ಗಾಳಿಯಲ್ಲಿ ಸುಮ್ಮನೆ ಕುಳಿತಾಗ, ನೀರು ನಿಶ್ಚಲವಾದ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸುವುದರಿಂದ, ಕ್ಷಣಾರ್ಧದಲ್ಲಿ ನಡುಗತೊಡಗುತ್ತದೆ. ಇದನ್ನು ಪರೀಕ್ಷಿಸಲು ಮಧುಗಿರಿಯ ಏಕಶಿಲಾಬೆಟ್ಟಕ್ಕಿಂತ ಉತ್ತಮವಾದ ಸ್ಥಳ ನಮ್ಮ ಸೀಮೆಯಲ್ಲಿಲ್ಲ. ಮಂಜಿನಿಂದ ಬಂಡೆ ಜಾರುವ ಹೊತ್ತನ್ನು ಬಿಟ್ಟು, ಬೆಳಿಗ್ಗೆ ಜಾಕೆಟ್ ತೊಟ್ಟೇ ಮೊದಲ ಏರನ್ನು ಹತ್ತಿ. ಸೆಕೆಯಾದೊಡನೆ ಕಂಕುಳ ಕೆಳಗಿನ ಜಿಪ್ಪುಗಳನ್ನು ತೆರೆಯಿರಿ, ಅವು ಇಲ್ಲದಿದ್ದರೆ ಎದೆಯದನ್ನು ತೆರೆಯಿರಿ. ಗಾಳಿ ಬೀಸುವ ಒಂದು ತಾಣದಲ್ಲಿ ನಿಂತು, ಒಳಗೆ ಕೈ ಹಾಕಿ ಬೆನ್ನಿನ ಅಸ್ತರಿಯನ್ನು ಮುಟ್ಟಿ ನೋಡಿ. ಹಸಿಯಾಗಿದ್ದು ಕಾಲು ಗಂಟೆಯಲ್ಲಿಯೂ ಆರದಿದ್ದರೆ, ಆ ಜಾಕೆಟ್ ನಿಂತು ನೋಡುವವರಿಗೆ ಯೋಗ್ಯವೇ ಹೊರತು ಆಡುವವರಿಗಲ್ಲ.

ನೀರಿನ ಪರೀಕ್ಷೆಯನ್ನು ಜಾಕೆಟ್ಟನ್ನು ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದ ಮೇಲೆ ಮಾಡತಕ್ಕದ್ದು. ಭುಜದ ಮೇಲೆ ಚೊಂಬಿನಿಂದ ನೀರು ಬಿಟ್ಟರೆ ಹನಿಗಳು ಮುತ್ತಾಗಿ ಉರುಳಿಹೋಗಬೇಕು. ಬಟ್ಟೆ ಕಪ್ಪಾಗಿ ನೀರು ಹೀರಿದರೆ ಮೇಲಿನ ಲೇಪ ಸವೆದಿದೆಯೆಂದು ಅರ್ಥ. ಒಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಹರವಿ, ಗಿಡಗಳಿಗೆ ಹಾಕುವ ಜರಡಿಯ ಕ್ಯಾನಿನಿಂದ ಹತ್ತು ನಿಮಿಷ ನೀರೆರೆದರೆ, ಯಾವ ಹೊಲಿಗೆ ಸೋರುತ್ತದೆಂಬುದನ್ನು ಹಾಳೆಯ ಮೇಲಿನ ಒದ್ದೆಯ ಕಲೆಯೇ ತೋರಿಸುತ್ತದೆ. ನಮ್ಮ ಕುರಿಗಾಹಿಗಳು ಕಂಬಳಿಯ ಕೊಪ್ಪೆ ಹಾಕಿಕೊಂಡು ಜಡಿಮಳೆಯಲ್ಲಿ ನಿಲ್ಲಬಲ್ಲರು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಯೂ ಮೈಗೆ ಹಸಿಯೆನಿಸುವುದಿಲ್ಲ. ಪುಕ್ಕಕ್ಕೆ ಆ ಗುಣವಿಲ್ಲ, ತೊಯ್ದರೆ ಮುದ್ದೆಯಾಗಿ ತಣ್ಣಗಾಗುತ್ತದೆ. ಹಾಗೆಂದು ಕಂಬಳಿ ಹೊದ್ದು ಸ್ಕೀ ಆಡಲಾಗದು. ಗುಲ್ಮಾರ್ಗದ ಒಣಚಳಿಗೆ ಪುಕ್ಕವೂ, ಮಳೆ ಹಿಮಗಳೆರಡೂ ಬೆರೆತು ಸುರಿಯುವ ಕೇದಾರದ ದಾರಿಗೆ ಪಾಲಿಯೆಸ್ಟರ್ ತುಂಬಿದ ಜಾಕೆಟ್ಟೂ ಸರಿ.

ಇಷ್ಟಾದರೂ ಮನಸ್ಸು ಒಪ್ಪದವರಿಗೆ ಇನ್ನೊಂದು ಮಾರ್ಗವುಂಟು. ತುಮಕೂರಿನ ಕಡೆ ಹುಣಸೆಹಣ್ಣನ್ನು ಕೆಡದಂತೆ ಇರಿಸುವ ಕೋಲ್ಡ್ ಸ್ಟೋರೇಜುಗಳಲ್ಲಿ ಪರಿಚಯವಿದ್ದವರು, ಮಾಲೀಕರ ಅನುಮತಿ ಪಡೆದು, ಜೊತೆಗೊಬ್ಬನನ್ನು ಬಾಗಿಲಲ್ಲಿ ನಿಲ್ಲಿಸಿ, ಹತ್ತು ಹದಿನೈದು ನಿಮಿಷ ಒಳಗೆ ನಿಂತು ನೋಡಬಹುದು. ಏಕಾಕಿಯಾಗಿ ಹೋಗುವುದು ಮಾತ್ರ ಸರ್ವಥಾ ಕೂಡದು.

ಬೆವರು, ಗಾಳಿ ಇವೆರಡರಲ್ಲಿಯೂ ಸೋತ ಜಾಕೆಟ್ಟನ್ನು ಒಳಗೆ ಮತ್ತೆರಡು ಸ್ವೆಟರ್ ಹಾಕಿ ತಿದ್ದಬಹುದೆಂದು ಭಾವಿಸಬೇಡಿ. ಅದನ್ನು ತಾವರೆಕೆರೆಯ ಟೀ ಅಂಗಡಿಯ ಚಳಿಗೆ ಮೀಸಲಿಟ್ಟು ಬರಿಗೈಯಲ್ಲಿ ಹೋಗಿ. ಗುಲ್ಮಾರ್ಗದಲ್ಲಿ ಸ್ಕೀ ಸಲಕರಣೆಗಳೊಡನೆ ಬೆಚ್ಚನೆಯ ಉಡುಪೂ ದಿನದ ಬಾಡಿಗೆಗೆ ದೊರೆಯುತ್ತದೆ.