ಅಣೆಕಟ್ಟಿನಿಂದ ನೀರು ಬಿಡುವ ಸೂಚನೆಯನ್ನು ಗ್ರಾಮಸ್ಥರಿಗೆ ತಿಳಿಯಪಡಿಸುವ ಕ್ರಮ

2024ನೆಯ ಇಸವಿ ಆಗಸ್ಟ್ 10ನೆಯ ತಾರೀಖಿನ ರಾತ್ರಿ, ಹೊಸಪೇಟೆಯ ಬಳಿಯಲ್ಲಿರುವ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ, ಆ ಗೇಟು ಕೊಚ್ಚಿಹೋಯಿತು. ಕಟ್ಟೆಯು ಒಡೆಯಲಿಲ್ಲ. ಆದರೂ ಇತರ ಗೇಟುಗಳನ್ನು ತೆರೆದು ಹೊಳೆಗೆ ಹೆಚ್ಚು ನೀರನ್ನು ಬಿಡಬೇಕಾಯಿತು. ಒಂದು ವಾರದಲ್ಲಿ ಉಕ್ಕಿನ ಹಲಗೆಗಳನ್ನು ಇಳಿಸಿ ಆ ಕಂಡಿಯನ್ನು ಮುಚ್ಚಲಾಯಿತು.

"ನೀರು ಬಿಟ್ಟರು" ಎಂಬುದೂ "ಕಟ್ಟೆ ಒಡೆಯಿತು" ಎಂಬುದೂ ಒಂದೇ ಅಲ್ಲ. 1961ನೆಯ ಇಸವಿ ಜುಲೈ 12ರಂದು ಪಾನಶೇತ ಕಟ್ಟೆ ಒಡೆದು ಪುಣೆ ಪಟ್ಟಣಕ್ಕೆ ನೀರು ನುಗ್ಗಿತು. ಅಂತಹ ಸಮಯದಲ್ಲಿ ಸಾಮಾನು ಕಟ್ಟುತ್ತ ನಿಲ್ಲದೆ ಎತ್ತರದ ಸ್ಥಳವನ್ನು ಸೇರತಕ್ಕದ್ದು. ಕ್ರಮವಾಗಿ ನೀರು ಬಿಡುವಾಗಲಾದರೋ ದನಕರುಗಳನ್ನೂ ಪಂಪುಗಳನ್ನೂ ಸಾಗಿಸಲು ಸಾಮಾನ್ಯವಾಗಿ ಅವಕಾಶವುಂಟು. ಇವೆರಡನ್ನು ಬೆರೆಸಿ ಹೇಳಿದರೆ ಜನರು ವೃಥಾ ಭಯಪಡುವರು. ಮುಂದಿನ ಸಲ ನಂಬದೆಯೂ ಹೋಗುವರು.

ಸೂಚನೆಗಳಲ್ಲಿ ನೀರಿನ ಪ್ರಮಾಣವನ್ನು ಕ್ಯುಸೆಕ್ಕಿನಲ್ಲಿ ಹೇಳುವರು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರು ನೀರು. ಆದರೆ "ಒಂದು ಲಕ್ಷ ಕ್ಯುಸೆಕ್" ಎಂದು ಡಂಗುರ ಹೊಯ್ಯಿಸಿದ ಮಾತ್ರಕ್ಕೆ ತನ್ನ ಗದ್ದೆಗೆ ನೀರು ಬರುವುದೋ ಇಲ್ಲವೋ ಎಂಬುದು ರೈತನಿಗೆ ತಿಳಿಯದು. ಆದುದರಿಂದ ಗ್ರಾಮದ ಮುಖಂಡರು ಒಂದು ಪುಸ್ತಕವನ್ನಿಟ್ಟು, ಎಷ್ಟು ಕ್ಯುಸೆಕ್ ಬಿಟ್ಟಾಗ ಹೊಳೆಯ ಯಾವ ಮೆಟ್ಟಿಲು, ಯಾವ ದಾರಿ, ಯಾರ ಹೊಲ ಮುಳುಗಿತು, ಬಿಟ್ಟ ಎಷ್ಟು ಗಂಟೆಗೆ ನೀರು ಊರನ್ನು ಮುಟ್ಟಿತು ಎಂಬುದನ್ನು ಪ್ರತಿ ಮಳೆಗಾಲದಲ್ಲೂ ಬರೆದಿಡತಕ್ಕದ್ದು. ಕಟ್ಟೆಯ ಕೆಳಗಿನ ಹಳ್ಳಗಳೂ ತುಂಬಿ ಹರಿಯುತ್ತಿದ್ದರೆ ನೀರು ಆ ಗುರುತನ್ನು ಮೀರುವುದೆಂದೇ ಎಣಿಸಬೇಕು.

ದೊಡ್ಡ ಅಣೆಕಟ್ಟುಗಳಿಗೆ ತುರ್ತು ಕಾರ್ಯಯೋಜನೆ ಇರಬೇಕೆಂದು 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು ವಿಧಿಸಿದೆ. ತಮ್ಮ ಗ್ರಾಮಕ್ಕೆ ಅದರಲ್ಲಿ ಏನು ಹೇಳಿದೆಯೆಂಬುದನ್ನು ಮುಖಂಡರು ಮಳೆಗಾಲಕ್ಕೆ ಮುಂಚೆಯೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಉಚಿತ.

ಡಂಗುರದ ಸದ್ದು ಊರೊಳಗೆ ಕೇಳುವುದೇ ಹೊರತು ಹೊಳೆಯಂಚಿನಲ್ಲಿ ಕೇಳದು. ಪಂಪಿನ ಮನೆಯಲ್ಲಿ ಮಲಗುವ ಆಳು, ಕುರಿ ತರುಬಿದವರು, ಹರಿಗೋಲಿನವರು, ಇವರಲ್ಲಿಗೆ ಯಾರು ಹೋಗಿ ಹೇಳಬೇಕೆಂಬುದನ್ನು ಹೆಸರು ಹಿಡಿದು ಮೊದಲೇ ಗೊತ್ತುಮಾಡಬೇಕು. ಕೇಳಿದವರಿಂದ ಅದೇ ಮಾತನ್ನು ಮರಳಿ ಹೇಳಿಸಿದರೆ ತಪ್ಪು ತಿಳಿವಳಿಕೆ ಉಳಿಯದು.

ಸೂಚನೆ ಕೊಟ್ಟ ಮೇಲೆ ನೀರು ಬಾರದೆ ಹೋದರೆ ಕೊಟ್ಟವರನ್ನು ಹಳಿಯಬಾರದು. ಪಂಪನ್ನು ಒಂದು ಸಲ ವ್ಯರ್ಥವಾಗಿ ಹೊತ್ತ ಶ್ರಮವು ಒಂದು ರಾತ್ರಿಯ ನಿದ್ರೆಯಲ್ಲಿ ತೀರುವುದು; ಹೋದ ಪ್ರಾಣವು ಮರಳಿ ಬಾರದು.