ಬೀಡಿ ಮುಟ್ಟದ ಅವ್ವನಿಗೂ ದಮ್ಮು

ಪ್ರಶ್ನೆ: ಅವ್ವನಿಗೆ 56 ವರ್ಷ. ಎರಡು ವರ್ಷದಿಂದ ಕೆಮ್ಮು. ನಾಲ್ಕು ಹೆಜ್ಜೆ ನಡೆದರೆ ದಮ್ಮು. ಬೀಡಿ ಮುಟ್ಟಿದವಳಲ್ಲ. ಮನೆಯಲ್ಲಿ ಗ್ಯಾಸ್ ಇದೆ, ರೊಟ್ಟಿ ಮಾತ್ರ ಹತ್ತಿಕಟ್ಟಿಗೆಯ ಒಲೆಯ ಮೇಲೆ. ಹೊಗೆಯಿಂದ ಹೀಗಾಗುತ್ತದೆಯೇ?
– ಓದುಗರು, ದೇವದುರ್ಗ ತಾಲ್ಲೂಕು

ಉತ್ತರ: ಆಗುತ್ತದೆ. ಬೀಡಿ ಸೇದುವವರಿಗೆ ಬರುವ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ, ವರ್ಷಾನುಗಟ್ಟಲೆ ಒಲೆಯ ಮುಂದೆ ಕುಳಿತ ಹೆಣ್ಣುಮಕ್ಕಳಿಗೂ ಬರುತ್ತದೆ. ಗಾಳಿಯಲ್ಲಿನ ಅತಿಸೂಕ್ಷ್ಮ ಕಣಗಳು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 15 ಮೈಕ್ರೊಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಕಟ್ಟಿಗೆ, ಕುಳ್ಳು ಉರಿಯುವ ಅಡುಗೆಮನೆಯಲ್ಲಿ ಅದು ನೂರಾರು ಮೈಕ್ರೊಗ್ರಾಂ ಮುಟ್ಟುತ್ತದೆ. ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿಯುವುದೆಂದರೆ ಗಳಿಗೆಯ ಕೆಲಸವಲ್ಲ. ಅಷ್ಟೂ ಹೊತ್ತು ಮುಖ ಒಲೆಯ ಬಾಯಿಗೇ ಇರುತ್ತದೆ. ಸಾರು, ಚಹಾ ಗ್ಯಾಸಿಗೆ ಹೋದರೂ ಹೆಚ್ಚು ಹೊಗೆ ಕುಡಿಸುವ ಕೆಲಸ ಒಲೆಯಲ್ಲೇ ಉಳಿದಿದೆ.

ಮೊದಲು ಕಫ ಪರೀಕ್ಷೆ ಮಾಡಿಸಿ. ಎರಡು ವಾರ ಮೀರಿದ ಕೆಮ್ಮು ಕ್ಷಯವೂ ಇರಬಹುದು. ಸರಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಉಚಿತ. ಆಮೇಲೆ ರಾಯಚೂರಿನ ರಿಮ್ಸ್‌ ಆಸ್ಪತ್ರೆಯಲ್ಲಿ ಶ್ವಾಸಕೋಶ ತಜ್ಞರಿಗೆ ತೋರಿಸಿ, ಉಸಿರು ಊದಿಸಿ ನೋಡುವ ಸ್ಪೈರೊಮೆಟ್ರಿ ಬಗ್ಗೆ ಕೇಳಿ. ಇನ್ಹೇಲರ್ ಕೊಟ್ಟರೆ ಹೆದರಬೇಡಿ, ಅದು ಚಟವಲ್ಲ. ಆದರೆ ಹೊಗೆ ನಿಲ್ಲದೆ ಔಷಧಿ ಒಂದೇ ಸಾಲದು.

ರೊಟ್ಟಿಯನ್ನು ಗ್ಯಾಸಿನ ಮೇಲೂ ಮಾಡಬಹುದು. ಸಿಲಿಂಡರ್ ಖರ್ಚು ಹೊರೆಯಾದರೆ, ಬೇಳೆಯನ್ನು ಕುಕ್ಕರಿನಲ್ಲಿ ಬೇಯಿಸಿ ಉಳಿಸಿದ ಗ್ಯಾಸನ್ನು ರೊಟ್ಟಿಗೇ ಇಡಿ. ಅದೂ ಆಗದಿದ್ದರೆ ಒಲೆಯನ್ನು ಬಯಲಿಗೆ ಒಯ್ಯಿರಿ, ಚೆನ್ನಾಗಿ ಒಣಗಿದ ಕಟ್ಟಿಗೆ ಹಾಕಿ. ಬೇರೆಯವರು ರೊಟ್ಟಿ ಬಡಿಯಲಿ, ಅವ್ವ ದೂರ ಕೂರಲಿ. ಸೊಸೆ ಬಸುರಿಯಿದ್ದರೆ ಅವಳನ್ನೂ ಒಲೆಯ ಮುಂದೆ ಕೂರಿಸಬೇಡಿ: ಹೊಗೆ ಕುಡಿದ ತಾಯಿಗೆ ಕಡಿಮೆ ತೂಕದ ಕೂಸು ಹುಟ್ಟುವ ಸಂಭವ ಹೆಚ್ಚು. ಮನೆಯ ಗಂಡಸರೂ ಈ ಮಾತು ಓದಬೇಕು. ಸಿಲಿಂಡರ್ ತುಂಬಿಸುವ ತೀರ್ಮಾನ ಹೆಚ್ಚಾಗಿ ಅವರದೇ.

ಪ್ರಶ್ನೆ: ಸೊಳ್ಳೆ ಕಾಟಕ್ಕೆ ಕಿಟಕಿ ಮುಚ್ಚಿ ರಾತ್ರಿಯಿಡೀ ಕಾಯಿಲ್ ಹಚ್ಚುತ್ತೇವೆ. ಎಂಟು ತಿಂಗಳ ಮಗುವಿದೆ. ತೊಂದರೆಯೇ?
– ಓದುಗರು, ರಾಯಚೂರು

ಉತ್ತರ: ಇಂದೇ ನಿಲ್ಲಿಸಿ. ಒಂದು ಕಾಯಿಲ್ ಉಗುಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು 2003ರ ಒಂದು ಅಧ್ಯಯನ ಅಳೆದು ಹೇಳಿದೆ. ಕೂಸಿಗೆ ಸೊಳ್ಳೆಪರದೆ ಕಟ್ಟಿ, ಕಿಟಕಿಗೆ ಜಾಳಿಗೆ ಹಾಕಿಸಿ. ನಲ್ಲಿ ನೀರು ಬಿಟ್ಟ ದಿನ ತುಂಬಿಟ್ಟ ಡ್ರಮ್ಮು, ತೊಟ್ಟಿ ಮುಚ್ಚಿಡಿ. ವಾರಕ್ಕೊಮ್ಮೆ ತಿಕ್ಕಿ ತೊಳೆಯಿರಿ.

ಪ್ರಶ್ನೆ: ಹತ್ತಿಗೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಡಬ್ಬಿಗಳನ್ನು ಮಲಗುವ ಕೋಣೆಯಲ್ಲೇ ಇಡುತ್ತೇವೆ. ವಾಸನೆಗೆ ತಲೆನೋವು ಬರುತ್ತದೆ.
– ಓದುಗರು, ಮಾನ್ವಿ

ಉತ್ತರ: ಮನೆಯ ಹೊರಗೆ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಖಾಲಿ ಡಬ್ಬಿಯಲ್ಲಿ ನೀರು, ಕಾಳು ತುಂಬಬೇಡಿ, ಒಲೆಗೂ ಹಾಕಬೇಡಿ. ತಲೆನೋವಿನ ಜೊತೆ ವಾಂತಿ, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾದರೆ ಡಬ್ಬಿಯ ಹೆಸರು ಬರೆದುಕೊಂಡು ತಕ್ಷಣ ಆಸ್ಪತ್ರೆಗೆ ಹೊರಡಿ.