ಪಾಠ: ಧಾರವಾಡ ನೋಡಿ ಬಂದೆವು



ನಮ್ಮ ಕಲಿಕಾ ಕೇಂದ್ರದ ಹದಿನಾಲ್ಕು ಹೆಣ್ಣುಮಕ್ಕಳು ಒಂದು ದಿನ ಧಾರವಾಡಕ್ಕೆ ಹೋದೆವು. ಬುತ್ತಿ ಕಟ್ಟಿಕೊಂಡಿದ್ದೆವು. ಬಸ್ ನಿಲ್ದಾಣದಲ್ಲಿ ಯಾರನ್ನೂ ಕೇಳಲಿಲ್ಲ. ಬಸ್ಸಿನ ಹಣೆಯ ಮೇಲಿನ ಹೆಸರನ್ನು ನಾವೇ ಓದಿದೆವು. ಧಾ-ರ-ವಾ-ಡ.

ಊರು ಮುಟ್ಟಿದ ಮೇಲೆ ಒಂದು ದೊಡ್ಡ ಬಾಗಿಲ ಮುಂದೆ ನಿಂತೆವು. ನಮ್ಮ ಪೈಕಿ ಒಬ್ಬ ತಾಯಿ ಮೇಲಿನ ಅಕ್ಷರ ನೋಡಿದಳು. ಬೆರಳು ಹಿಡಿದು ನಿಧಾನವಾಗಿ ಓದಿದಳು. ವಿ-ಶ್ವ-ವಿ-ದ್ಯಾ-ಲ-ಯ. ಇದರಲ್ಲಿ ಎರಡು ಒತ್ತಕ್ಷರ ಇವೆ. ಆದರೂ ಅವಳು ತಪ್ಪಲಿಲ್ಲ.

"ಅಕ್ಕಾರ, ವಿಶ್ವವಿದ್ಯಾಲಯ ಅಂದ್ರ ಏನ್ರಿ?" ಎಂದು ಕೇಳಿದಳು.

"ದೊಡ್ಡ ಓದು ಓದುವ ಜಾಗ. ಕಾಲೇಜು ಮುಗಿಸಿದವರು ಇಲ್ಲಿ ಮುಂದೆ ಓದುತ್ತಾರೆ. ಪದವಿ ಕೊಡುವುದೂ ಇದೇ" ಎಂದೆ.

ಅವಳ ಮಗಳು ಆ ವರ್ಷ ಪಿಯುಸಿ ಪಾಸಾಗಿದ್ದಳು. ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ತಾಯಿ ಮತ್ತೆ ಮಾತಾಡಲಿಲ್ಲ. ಬಾಗಿಲನ್ನೇ ನೋಡುತ್ತ ನಿಂತಳು.

ಓದು ಸುಮ್ಮನೆ ಬರಲಿಲ್ಲ

ಗಿಡದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಆಗ ನಾನು ಊರಿನ ಕಥೆ ಹೇಳಿದೆ.

ಹಿಂದೆ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಬ್ರಿಟಿಷರು ಆಳುತ್ತಿದ್ದರು. ಇಲ್ಲಿಯ ಕಲೆಕ್ಟರ್ ಥ್ಯಾಕರೆ 1824ರಲ್ಲಿ ಕಿತ್ತೂರಿನ ಮೇಲೆ ದಂಡು ಒಯ್ದ. ರಾಣಿ ಚೆನ್ನಮ್ಮನ ಸೈನ್ಯ ಅವನನ್ನು ಕೊಂದಿತು. ಕಿತ್ತೂರು ಇಲ್ಲಿಂದ ದೂರವಿಲ್ಲ.

ಆ ಕಾಲದಲ್ಲಿ ನಮ್ಮ ಶಾಲೆಗಳಲ್ಲಿ ಮರಾಠಿಯದೇ ಜೋರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮಕ್ಕಳಿಗೆ ಓದು ತಲೆಗೆ ಹತ್ತುವುದು ಹೇಗೆ? ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯಲ್ಲಿದ್ದರು. ಕನ್ನಡ ಶಾಲೆಗಳಿಗಾಗಿ ಅವರು ಬಹಳ ದುಡಿದರು. 1890ರಲ್ಲಿ ರಾ. ಹ. ದೇಶಪಾಂಡೆ ಮತ್ತು ಗೆಳೆಯರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಕನ್ನಡಿಗರೆಲ್ಲ ಒಂದಾಗಬೇಕು ಎಂಬ ಮಾತಿಗೆ ಈ ಸಂಘ ಬಲ ಕೊಟ್ಟಿತು. 1956ರ ನವೆಂಬರ್ 1ರಂದು ನಾವು ಒಂದೇ ರಾಜ್ಯವಾದೆವು.

ಕಾಲೇಜು ಓದಲು ಆಗ ಪುಣೆ, ಮುಂಬಯಿಗೆ ಹೋಗಬೇಕಿತ್ತು. ರೊಕ್ಕ ಇದ್ದವರು ಹೋದರು. ಇಲ್ಲದವರು ಉಳಿದರು. 1917ರಲ್ಲಿ ಇಲ್ಲೇ ಕರ್ನಾಟಕ ಕಾಲೇಜು ಆಯಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮುಂಬಯಿಯಲ್ಲಿ ಹುಟ್ಟಿತು. 1950ರಲ್ಲಿ ಧಾರವಾಡಕ್ಕೆ ಬಂತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯವೂ ಆಯಿತು.

"ಅಂದ್ರ ಬಾಗಲಾ ತೆಗೀಲಿಕ್ಕೆ ಇಷ್ಟ ವರ್ಷ ಬೇಕಾತು" ಎಂದಳು ನಮ್ಮೊಳಗಿನ ಒಬ್ಬ ಅಜ್ಜಿ. ನಿಜವಾದ ಮಾತು.

ಹಾಡು, ಕವಿತೆ, ಕಸೂತಿ

ಮಧ್ಯಾಹ್ನ ಸಾಧನಕೇರಿಗೆ ಹೋದೆವು. ಇಲ್ಲಿ ಕವಿ ದ. ರಾ. ಬೇಂದ್ರೆಯವರ ಮನೆ ಇದೆ. ಅವರು ನಾವು ಮಾತಾಡುವ ಭಾಷೆಯಲ್ಲೇ ಕವಿತೆ ಬರೆದರು. ಅವರ 'ನಾಕುತಂತಿ' ಪುಸ್ತಕಕ್ಕೆ ಜ್ಞಾನಪೀಠ ಪ್ರಶಸ್ತಿ ಬಂತು. ನಮ್ಮ ಆಡುಮಾತು ಕಡಿಮೆಯದು ಎಂದು ಇನ್ನು ಯಾರೂ ನಾಚಬೇಡಿರಿ.

ಸಂಗೀತಕ್ಕೂ ಧಾರವಾಡ ಹೆಸರಾದ ಊರು. ಮಲ್ಲಿಕಾರ್ಜುನ ಮನಸೂರರು ಹುಟ್ಟಿದ್ದು ಹತ್ತಿರದ ಮನಸೂರ ಹಳ್ಳಿಯಲ್ಲಿ. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಧಾರವಾಡದಲ್ಲೇ ಹುಟ್ಟಿದರು. ಅವರ ಶಾಲೆಯ ಓದು ಹೆಚ್ಚು ಮುಂದೆ ಸಾಗಲಿಲ್ಲ. ಆದರೆ ಹಾಡು ಕಲಿಯುವುದನ್ನು ಬಿಡಲಿಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. 2002ರಲ್ಲಿ ದೇಶ ಅವರಿಗೆ ಪದ್ಮವಿಭೂಷಣ ಕೊಟ್ಟಿತು.

ಇನ್ನು ಕಸೂತಿ. ಇದು ಹೆಣ್ಣುಮಕ್ಕಳೇ ಬೆಳೆಸಿದ ವಿದ್ಯೆ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಇಳಕಲ್ಲ ಸೀರೆಯ ಮೇಲೆ ಮೂಡುತ್ತವೆ. ಲೆಕ್ಕ ಬಾರದೆ ಕಸೂತಿ ಬರುವುದಿಲ್ಲ. ಹಾಗಾದರೆ ನಮ್ಮ ತಾಯಂದಿರಿಗೆ ಏನೂ ಬರುತ್ತಿರಲಿಲ್ಲ ಎನ್ನುವುದು ಹೇಗೆ?

ಬರುವಾಗ ಪೇಡೆ ಕೊಂಡೆವು. ಹಾಲನ್ನು ಕಾಸಿ ಖವೆ ಮಾಡಿ, ಕಂದು ಬಣ್ಣ ಬರುವವರೆಗೆ ಹುರಿದು, ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಅಂಗಡಿಯವನು ಕೊಟ್ಟ ಚೀಟಿ ಓದಿ ಲೆಕ್ಕ ನೋಡಿದೆವು. ಚಿಲ್ಲರೆ ಎಣಿಸಿಕೊಂಡೆವು.

ಆಮೇಲೆ

ಎಂಟು ದಿನದ ಮೇಲೆ ಆ ತಾಯಿ ಕೇಂದ್ರಕ್ಕೆ ಒಂದು ಕಾಗದ ತಂದಳು. ಕಾಲೇಜಿನ ಅರ್ಜಿ.

"ಮನಿಯವರು ಇನ್ನೂ ಹೂಂ ಅಂದಿಲ್ರಿ ಅಕ್ಕಾರ. ಇಲ್ಲ ಅಂತನೂ ಅಂದಿಲ್ಲ. ನಾ ದಿನಾ ಕೇಳಾಕತ್ತೀನಿ" ಎಂದಳು.

ಅರ್ಜಿಯ ಕೆಳಗೆ 'ಪಾಲಕರ ಸಹಿ' ಎಂದು ಇತ್ತು. ಅದನ್ನು ಅವಳೇ ಓದಿದಳು. ಹೆಬ್ಬೆಟ್ಟು ಒತ್ತಲಿಲ್ಲ. ತನ್ನ ಹೆಸರು ಬರೆದಳು.

ಓದಿ ಉತ್ತರ ಹೇಳಿರಿ

1. ಕರ್ನಾಟಕ ಕಾಲೇಜು ಯಾವ ವರ್ಷ ಆಯಿತು? ಅದಕ್ಕೂ ಮೊದಲು ಓದಲು ಎಲ್ಲಿಗೆ ಹೋಗಬೇಕಿತ್ತು?
2. ಕಸೂತಿಯ ನಾಲ್ಕು ಹೊಲಿಗೆಗಳ ಹೆಸರು ಬರೆಯಿರಿ.
3. ಈ ಒತ್ತಕ್ಷರದ ಪದಗಳನ್ನು ಬರೆಯಿರಿ: ವಿದ್ಯೆ, ಚೆನ್ನಮ್ಮ, ಸಕ್ಕರೆ, ಹೆಬ್ಬೆಟ್ಟು.

ಕೂಡಿ ಮಾತಾಡಿರಿ

ನಿಮ್ಮ ಊರಿನಲ್ಲಿ ಯಾವ ಹುಡುಗಿಯ ಓದು ನಿಂತಿದೆ? ಯಾಕೆ ನಿಂತಿತು? ನಾವೆಲ್ಲ ಕೂಡಿ ಏನು ಮಾಡಬಹುದು?